ಗೇರ್ ಮೇಷ್ಟ್ರ ಕಾರಿಗೆ ಹೊಸ ಎಂಜಿನ್

ನೆಲದೊಳಗಿನ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಕಿವಿಯಿಂದಲೇ ಪತ್ತೆ ಹಚ್ಚುವುದರಲ್ಲಿ ಮೀಟರಪ್ಪನನ್ನು ಮೀರಿಸುವವರು ನೀರು ಸರಬರಾಜು ಕಚೇರಿಯಲ್ಲಿ ಯಾರೂ ಇರಲಿಲ್ಲ. ನಾಲ್ಕಡಿ ಉದ್ದದ ಕಬ್ಬಿಣದ ಸರಳಿನ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತು, "ಇಲ್ಲಿ ಅಗೀರಿ" ಎಂದನೆಂದರೆ ಅಲ್ಲೇ ನೀರು ಚಿಮ್ಮುತ್ತಿತ್ತು. ಮನೆಮನೆಯ ಮೀಟರ್ ಓದುವುದು ಅವನ ನೌಕರಿ, ಅದರಿಂದಲೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಇಂಥ ಸೋರಿಕೆ ತಜ್ಞನಿಗೆ ದೇವರು ಕೊಟ್ಟ ಒಂದೇ ಕೊರತೆಯೆಂದರೆ ಅವನ ಬಾಯಿ. ಅದರಲ್ಲಿ ಯಾವ ಗುಟ್ಟೂ ಒಂದು ಹಗಲು ನಿಂತ ದಾಖಲೆಯಿಲ್ಲ. "ನಿಮಗೊಬ್ಬರಿಗೇ ಹೇಳ್ತಾ ಇದೀನಿ" ಎಂದು ಅವನು ಶುರು ಮಾಡಿದರೆ, ಆ ಮಾತು ಕೇಳುತ್ತಿರುವ ಇಪ್ಪತ್ತನೆಯವರು ತಾವೆಂದು ಎದುರಿನವರಿಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಅವನ ಮಾವನ ತೂಕವೇ ಬೇರೆ. ಅವರು ನಲವತ್ತು ವರ್ಷ ಡ್ರೈವಿಂಗ್ ಶಾಲೆ ನಡೆಸಿ, ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದವರು. ತಪ್ಪು ಗೇರು ಹಾಕಿದವರ ಮೊಣಕೈಗೆ ಮರದ ಸ್ಕೇಲಿನಿಂದ ಬಾರಿಸಿ ಸರಿಯಾದ ಗೇರು ತೋರಿಸಿದವರು. ಇಂದಿಗೂ ಗೇರ್ ಮೇಷ್ಟ್ರು ಎದುರಿಗೆ ಬಂದರೆ ದೊಡ್ಡ ದೊಡ್ಡ ಅಧಿಕಾರಿಗಳ ಮೊಣಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಎಂಟು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವರು ಕಿರಿ ಮಗಳ ಮನೆಗೆ, ಅಂದರೆ ಮೀಟರಪ್ಪನ ಮನೆಗೆ, ಬಂದು ನೆಲೆಸಿದರು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಕಾರು.

ಆ ಕಾರನ್ನು ಕಾರು ಎಂದು ಕರೆದು ಮುಗಿಸುವುದು ಅನ್ಯಾಯ. ಎರಡೇ ಸೀಟಿನ, ಮೇಲೆ ಮುಚ್ಚಳವಿಲ್ಲದ, ಮಾಗಿದ ಟೊಮೆಟೊ ಬಣ್ಣದ ರೇಸಿನ ಕಾರು ಅದು. ಮೂತಿ ಎಷ್ಟು ಉದ್ದವೆಂದರೆ ತಿರುವಿನಲ್ಲಿ ಮೊದಲು ಅದು ಬಂದು, ಜನ ನೋಡಿ, ಮೆಚ್ಚಿ, ದಾರಿ ಬಿಟ್ಟ ಮೇಲೆ ಮೇಷ್ಟ್ರು ಬರುತ್ತಿದ್ದರು. ಬಾಗಿಲು ಮೊಣಕಾಲಿನ ಎತ್ತರಕ್ಕಿತ್ತು. ದುಂಡನೆಯ ದೀಪಗಳಿಗೆ ಹೊಳೆಯುವ ಲೋಹದ ಬಳೆ. ಹಿಂದೆ ಯಾವನೋ ರೇಸುಗಾರ ಬೆಟ್ಟದ ರಸ್ತೆಯಲ್ಲಿ ಎರಡು ಸಲ ಗೆದ್ದು, ಮೂರನೆಯ ಸಲ ಕಾಲು ಮುರಿದುಕೊಂಡು, ಅದನ್ನು ಮೇಷ್ಟ್ರಿಗೆ ಮಾರಿ ಹೋಗಿದ್ದ. ಕಾರಿಗೆ ಅರವತ್ತು ತುಂಬಿತ್ತು. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವ ಕೆಲಸವನ್ನು ಅದು ಎಂದೋ ಬಿಟ್ಟುಬಿಟ್ಟಿತ್ತು.

ಹೀಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಇಡೀ ಬೀದಿ ಅದನ್ನು ತಳ್ಳಬೇಕಿತ್ತು. ಒಬ್ಬೊಬ್ಬರಿಗೂ ಒಂದೊಂದು ಜಾಗ ಗೊತ್ತಾಗಿತ್ತು. ಎಡ ಹಿಂಭಾಗ ಟೈಲರಿಗೆ, ಬಲ ಹಿಂಭಾಗ ನಿವೃತ್ತ ಹೆಡ್‌ಮಿಸ್ಟ್ರೆಸ್ಸಿಗೆ, ನಡುವೆ ಔಷಧಿ ಅಂಗಡಿಯವರಿಗೆ. ಮೇಷ್ಟ್ರು ಚರ್ಮದ ಟೋಪಿ ಹಾಕಿ ಒಳಗೆ ಕೂತು "ಒಂದು, ಎರಡು, ತಳ್ಳಿ!" ಎನ್ನುತ್ತಿದ್ದರು. ಸರಿಯಾಗಿ ಮೂವತ್ತು ಹೆಜ್ಜೆಗೆ, ಹೆಡ್‌ಮಿಸ್ಟ್ರೆಸ್ ಮನೆಯ ಗೇಟಿನ ಎದುರು, ಎಂಜಿನ್ ಢಂ ಎಂದು ಸಿಡಿದು, ಕೆಮ್ಮಿ, ಎಲ್ಲರ ಮುಖಕ್ಕೆ ಮಸಿ ಬಳಿದು ಹೊರಡುತ್ತಿತ್ತು. ಮೇಷ್ಟ್ರು ಒಂದು ಸುತ್ತು ಹೊಡೆದು ಬಂದ ಮೇಲೆ ಎಲ್ಲರಿಗೂ ಜಗಲಿಯಲ್ಲಿ ಕಾಫಿ. ಹತ್ತು ಗಂಟೆಯವರೆಗೂ ಮಾತು.

ಇಷ್ಟರಲ್ಲಿ ಅಳಿಯನ ಪಾತ್ರವೇನು? ಚಕ್ರದ ಹಿಂದೆ ಮರದ ತುಂಡು ಇಡುವುದು, ತೆಗೆಯುವುದು. ಅದರಾಚೆಗೆ ಬಡ್ತಿ ಸಿಗಲಿಲ್ಲ. ಒಮ್ಮೆ ಬಾನೆಟ್ ಮೇಲೆ ಕೈ ಇಟ್ಟಾಗ ಮೇಷ್ಟ್ರು ಬಲು ಮರ್ಯಾದೆಯಿಂದಲೇ ಹೇಳಿದ್ದರು: "ಅಳಿಯಂದಿರೇ, ನಿಮಗೆ ನೀರಿನ ವಿಷಯ ಗೊತ್ತು. ಇದು ಪೆಟ್ರೋಲಿನ ವಿಷಯ."

ಹೀಗಿರುವಾಗ ಮೇಷ್ಟ್ರ ಎರಡೂ ಕಣ್ಣಿಗೆ ಪೊರೆ ಬಂತು. ಹಿರಿ ಮಗಳ ಊರಿನಲ್ಲಿ ಒಳ್ಳೆಯ ಕಣ್ಣಾಸ್ಪತ್ರೆ ಇತ್ತು. ಒಂದಾದ ಮೇಲೊಂದು ಆಪರೇಷನ್, ಒಟ್ಟು ಆರು ವಾರ. ಹೊರಡುವ ದಿನ ಅವರು ಅಳಿಯನನ್ನು ಕರೆದು, ಕೀಲಿಯನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು.

"ವಾರಕ್ಕೊಂದು ಸಲ ತಳ್ಳಿಸಿ ಹತ್ತು ನಿಮಿಷ ಎಂಜಿನ್ ಓಡಿಸಿ. ಅದಕ್ಕೆ ಮೊದಲು ನೀರು ನೋಡಿ. ಇಷ್ಟೇ. ಇಷ್ಟು ಆಗುತ್ತಲ್ಲ?"

"ನೀರಾ ಮಾವ? ನನ್ನ ಹತ್ರ ನೀರಿನ ಮಾತಾ?" ಎಂದು ಮೀಟರಪ್ಪ ನಕ್ಕ. ಮನುಷ್ಯ ಕೆಡುವುದು ತನಗೆ ಗೊತ್ತಿರುವ ವಿಷಯದಲ್ಲೇ.

ಮೊದಲ ಭಾನುವಾರ ಅವನು ಬೀದಿಯವರೆಲ್ಲರ ಎದುರಿಗೆ ಬಾನೆಟ್ ಎತ್ತಿದ. ಒಳಗೆ ಎರಡು ಮುಚ್ಚಳ ಕಂಡವು. ಮುಂದುಗಡೆ ಒಂದು ಸಣ್ಣದು, ಎಂಜಿನ್ನಿನ ನೆತ್ತಿಯ ಮೇಲೆ ಒಂದು ದೊಡ್ಡದು. ದೊಡ್ಡದೇ ದೊಡ್ಡ ಕೆಲಸಕ್ಕಿರಬೇಕೆಂದು ತರ್ಕ ಮಾಡಿ ಅದನ್ನು ತೆರೆದು ನೀರು ಹೊಯ್ದ. ಹೊಯ್ದಷ್ಟೂ ಹಿಡಿಸಿತು. "ಪಾಪ, ಎಷ್ಟು ದಿನದಿಂದ ಬಾಯಾರಿತ್ತೋ!" ಎಂದು ಮರುಗಿ ಇನ್ನೊಂದು ಕೊಡ ತರಿಸಿದ. ಅದು ಎಣ್ಣೆ ಹಾಕುವ ಬಾಯಿ ಎಂಬುದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಅವರಿಗೆ ಕಾರಿನ ಹಿಂಭಾಗ ಮಾತ್ರ ಪರಿಚಯ.

ಮೀಟರಪ್ಪ ಮೇಷ್ಟ್ರ ಸೀಟಿನಲ್ಲಿ ಕೂತು "ಒಂದು, ಎರಡು, ತಳ್ಳಿ!" ಎಂದ. ಜೀವಮಾನದಲ್ಲಿ ಅವನು ಅಷ್ಟು ಎತ್ತರದ ಧ್ವನಿಯಲ್ಲಿ ಮಾತಾಡಿದ್ದಿಲ್ಲ. ಮೂವತ್ತನೆಯ ಹೆಜ್ಜೆಗೆ ಢಂ ಎಂದಿತು. ಎರಡು ನಿಮಿಷ ಓಡಿತು. ಆಮೇಲೆ ಒಳಗೆ ಯಾರೋ ಪಾತ್ರೆಗಳ ಕಪಾಟನ್ನು ಕೆಡವಿದ ಸದ್ದಾಗಿ, ಕಟಕ್ ಎಂದು ನಿಂತುಹೋಯಿತು. ಕೆಳಗಿನಿಂದ ಹಾಲು ಜಾಸ್ತಿಯಾದ ಕಾಫಿಯಂಥ ದ್ರವ ನಿಧಾನವಾಗಿ ರಸ್ತೆಗೆ ಹರಿಯಿತು.

"ಏನಾಯ್ತು?" ಎಂದರು ಹೆಡ್‌ಮಿಸ್ಟ್ರೆಸ್.

"ವಯಸ್ಸಾಗಿತ್ತು," ಎಂದ ಮೀಟರಪ್ಪ.

"ನಾವೇ ಇವತ್ತು ಸ್ವಲ್ಪ ಜೋರಾಗಿ ತಳ್ಳಿಬಿಟ್ವೇನೋ," ಎಂದು ಟೈಲರು ತಲೆ ಮೇಲೆ ಕೈಹೊತ್ತು ಕೂತರು. ಅಂದಿನಿಂದ ಆ ಬೀದಿಯಲ್ಲಿ ಪ್ರತಿಯೊಬ್ಬರೂ ಮೇಷ್ಟ್ರ ಎಂಜಿನ್ನಿನ ಸಾವಿಗೆ ತಾವೇ ಹೊಣೆಯೆಂದು ಒಳಗೊಳಗೇ ನಂಬಿಕೊಂಡರು. ಮೀಟರಪ್ಪ ಅವರನ್ನು ತಿದ್ದಲು ಹೋಗಲಿಲ್ಲ.

ಊರಿನಲ್ಲಿ ಹಳೆಯ ಗಾಡಿಗಳ ನಾಡಿ ಬಲ್ಲವರು ಒಬ್ಬರೇ, ಗ್ಯಾರೇಜಿನಕ್ಕ. ನಲವತ್ತೈದರ ಗಟ್ಟಿ ಹೆಂಗಸು. ಜೇಬಿನಲ್ಲಿ ಸದಾ ಒಂದು ಸ್ಪ್ಯಾನರು, ಮಾತಿನಲ್ಲಿ ಸದಾ ಒಂದು ತೀರ್ಪು. ಅವರು ಬಂದು ಬಾನೆಟ್ ಎತ್ತಿ, ಎಣ್ಣೆಯ ಕಡ್ಡಿ ಹೊರತೆಗೆದು, ಬೆರಳಿಂದ ಉಜ್ಜಿ, ಮೂಸಿ, ಮೀಟರಪ್ಪನ ಮುಖ ನೋಡಿದರು.

"ಇದು ಸಾವಲ್ಲ. ಕೊಲೆ."

ಮೀಟರಪ್ಪ ಅವರನ್ನು ಪಕ್ಕಕ್ಕೆ ಕರೆದ. "ಅಕ್ಕಾ, ನಿಮಗೊಬ್ಬರಿಗೇ ಹೇಳ್ತಾ ಇದೀನಿ..." ಎಂದು ಎಲ್ಲವನ್ನೂ ಹೇಳಿಬಿಟ್ಟ. ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಮಾರನೆಯ ದಿನ ಅದೇ ಸುಖಕ್ಕಾಗಿ ಟೈಲರಿಗೂ ಹೇಳಿದ. ಬುಧವಾರದ ಹೊತ್ತಿಗೆ ಬೀದಿಗೆಲ್ಲ ತಿಳಿದಿತ್ತು. ಆಶ್ಚರ್ಯವೆಂದರೆ ಯಾರೂ ಅವನನ್ನು ಬೈಯಲಿಲ್ಲ. ತಮ್ಮ ತಲೆಯ ಮೇಲಿನ ಕೊಲೆ ಆರೋಪ ಇಳಿಯಿತಲ್ಲ ಎಂಬ ಸಂತೋಷಕ್ಕೆ ಎಲ್ಲರೂ ಅವನ ಕೈ ಕುಲುಕಿದರು.

ಅವನ ಹೆಂಡತಿ ಮಾತ್ರ ಕೈ ಕುಲುಕಲಿಲ್ಲ. "ರೀ, ಅಪ್ಪ ವಾಪಸ್ ಬಂದಾಗ ಆ ಕಾರು ಓಡದೇ ಇದ್ರೆ ಅವರು ಏನೂ ಅನ್ನಲ್ಲ. ಸುಮ್ನೆ ರೂಮಲ್ಲಿ ಕೂತ್ಬಿಡ್ತಾರೆ. ಅಮ್ಮ ಹೋದಾಗ ಹಾಗೇ ಕೂತಿದ್ರು. ಅವರು ಬೈದ್ರೆ ತಡ್ಕೋಬಹುದು, ಸುಮ್ನೆ ಕೂತ್ರೆ ನನ್ನ ಕೈಲಿ ನೋಡಕ್ಕಾಗಲ್ಲ," ಎಂದಳು. ಮೀಟರಪ್ಪನಿಗೆ ಅದು ತಟ್ಟಿತು. ಮುದುಕರ ಬೈಗುಳಕ್ಕೆ ಅವನು ಮದುವೆಯಾದ ಹನ್ನೆರಡು ವರ್ಷದಿಂದ ಒಗ್ಗಿಹೋಗಿದ್ದ, ಅವರ ಮೌನಕ್ಕೆ ಅಭ್ಯಾಸವಿರಲಿಲ್ಲ.

ಗ್ಯಾರೇಜಿನಕ್ಕ ಎಂಜಿನ್ ಬಿಚ್ಚಿ ನೋಡಿದರು. ಒಳಗಿನ ಕಬ್ಬಿಣದ ಕಡ್ಡಿಯೊಂದು ಮುರಿದು ಎಂಜಿನ್ನಿನ ಹೊಟ್ಟೆಯನ್ನೇ ತೂತು ಮಾಡಿತ್ತು. ಅಂಥ ಎಂಜಿನ್ ಈಗ ಎಲ್ಲೂ ತಯಾರಾಗುವುದಿಲ್ಲ. "ಒಂದೇ ದಾರಿ," ಎಂದರು. "ನನ್ನ ಹತ್ರ ಮನೆ ಮಂದಿ ಓಡಾಡೋ ಒಂದು ಸಣ್ಣ ಕಾರಿದೆ. ಲಾರಿ ಗುದ್ದಿ ಹಿಂದೆಲ್ಲ ನಜ್ಜುಗುಜ್ಜು, ಮುಂದೆ ಮಾತ್ರ ಮದುಮಗಳ ಹಾಗಿದೆ. ಅದರ ಎಂಜಿನ್ ತೆಗೆದು ಇದಕ್ಕೆ ಕೂರಿಸ್ತೀನಿ. ಖರ್ಚಿನ ಮಾತು ಎತ್ತಬೇಡಿ. ಹೆಣ್ಣುಮಕ್ಕಳು ಗ್ಯಾರೇಜ್ ಮೆಟ್ಟಿಲು ಹತ್ತಬಾರದು ಅಂತ ಊರೆಲ್ಲ ಹೇಳ್ತಿದ್ದಾಗ ನನಗೆ ಲಾರಿ ಓಡಿಸೋದು ಕಲಿಸಿದವರು ನಿಮ್ಮ ಮಾವ."

"ಅದು ಇದರಲ್ಲಿ ಹಿಡಿಸುತ್ತಾ ಅಕ್ಕ?"

"ಹಿಡಿಸಲ್ಲ. ಹಿಡಿಸೋ ಹಾಗೆ ಮಾಡೋದಕ್ಕೇ ಅಲ್ವಾ ನಾವಿರೋದು?"

ಈ ನಡುವೆ ಎರಡನೆಯ ಭಾನುವಾರ ಬಂತು. ಎಂಟೂ ಕಾಲಿಗೆ ಮೇಷ್ಟ್ರ ಫೋನು.

"ಅಳಿಯಂದಿರೇ, ಕಾರು ಹೇಗಿದೆ?"

"ನಿದ್ದೆ ಮಾಡ್ತಾ ಇದೆ ಮಾವ."

"ಎಬ್ಬಿಸಿ. ಸ್ಟಾರ್ಟ್ ಮಾಡಿ ಫೋನ್ ಹತ್ರ ಹಿಡೀರಿ. ಕಣ್ಣಿಗೆ ಪಟ್ಟಿ ಕಟ್ಟಿದಾರೆ, ಕಿವಿಗೆ ಕಟ್ಟಿಲ್ಲ. ಕೇಳಿ ಎರಡು ವಾರ ಆಗ್ತಾ ಬಂತು, ಮನಸ್ಸಿಗೆ ಸಮಾಧಾನ ಇಲ್ಲ."

ಆಗ ಎಂಜಿನ್ ಗ್ಯಾರೇಜಿನ ನೆಲದ ಮೇಲೆ ಎಂಬತ್ತೇಳು ತುಂಡಾಗಿ ಬಿದ್ದಿತ್ತು. ಮೀಟರಪ್ಪ ಫೋನನ್ನು ಅಂಗೈಯಿಂದ ಮುಚ್ಚಿ ಜಗಲಿಯಲ್ಲಿ ಕೂತಿದ್ದ ಬೀದಿಯವರ ಮುಖ ನೋಡಿದ. ಟೈಲರು ಎದ್ದು ಒಳಗೆ ಹೋಗಿ, ಮೀಟರಪ್ಪನ ಹೆಂಡತಿಯ ಹೊಲಿಗೆ ಯಂತ್ರದ ಮುಂದೆ ಕೂತು, ಸೂಜಿಗೆ ಬಟ್ಟೆ ಕೊಡದೆ ಪೂರ್ತಿ ವೇಗದಲ್ಲಿ ತುಳಿಯತೊಡಗಿದರು. ಔಷಧಿ ಅಂಗಡಿಯವರು ತಮ್ಮ ಹಳೆಯ ಕೆಮ್ಮನ್ನು ಹೊರತೆಗೆದರು. ಹೆಡ್‌ಮಿಸ್ಟ್ರೆಸ್ ಮೂವತ್ತು ವರ್ಷ ಶಾಲೆಯಲ್ಲಿ ಗಲಾಟೆ ಅಡಗಿಸಿದ್ದ ಕೈಯಿಂದ ಟ್ರಂಕಿನ ಮುಚ್ಚಳದ ಮೇಲೆ ಒಂದು ಬಿಟ್ಟರು. ಢಂ! ಮೀಟರಪ್ಪ ಫೋನನ್ನು ಇವರ ನಡುವೆ ಹಿಡಿದು ನಿಂತ. ಅವನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

ಆ ಕಡೆ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಕೆಮ್ಮು ಸ್ವಲ್ಪ ಜಾಸ್ತಿ ಆಗಿದೆ. ನೋಡ್ಕೊಳ್ಳಿ."

"ಆಗ್ಲಿ ಮಾವ," ಎಂದ ಮೀಟರಪ್ಪ. ಔಷಧಿ ಅಂಗಡಿಯವರಿಗೆ ಆಮೇಲೆ ಬಿಸಿನೀರು ಕೊಡಬೇಕಾಯಿತು.

ಗ್ಯಾರೇಜಿನಲ್ಲಿ ಕೆಲಸ ಸಾಗಿತು. ಆ ಕೆಲಸವನ್ನು ನಿಂತು ನೋಡಿದವರೇ ಪುಣ್ಯವಂತರು. ಸರಪಳಿ ರಾಟೆಯಲ್ಲಿ ಹಳೆಯ ಎಂಜಿನ್ನಿನ ತೂತಾದ ಹೊಟ್ಟೆ ಮೇಲೆದ್ದು ಹೊರಬಂದಾಗ ಗ್ಯಾರೇಜಿನಕ್ಕ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಒಂದು ಕ್ಷಣ ನಿಂತರು. ಹೊಸದು ತೂಕದಲ್ಲಿ ಹಳೆಯದರ ಅರ್ಧ, ಕಸುವಿನಲ್ಲಿ ಎರಡರಷ್ಟು. ಆದರೆ ಎತ್ತರದಲ್ಲಿ ತುಸು ಹೆಚ್ಚು, ಬಾನೆಟ್ ಎರಡು ಬೆರಳಿನಷ್ಟು ಮುಚ್ಚಲಿಲ್ಲ.

"ಬಾನೆಟ್‌ಗೆ ಒಂದು ತೂತು ಮಾಡಿಬಿಡಿ ಅಕ್ಕ," ಎಂದ ಮೀಟರಪ್ಪ.

ಗ್ಯಾರೇಜಿನಕ್ಕ ಅವನನ್ನು ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. "ಅರವತ್ತು ವರ್ಷದ ಮುಖಕ್ಕೆ ಕತ್ತರಿ ಹಾಕೋ ಕೈ ನನ್ನದಲ್ಲ," ಎಂದು ಅವರು ಎಂಜಿನ್ ಕೂರುವ ಕಬ್ಬಿಣದ ಕಾಲುಗಳನ್ನೇ ಕಿತ್ತು, ಬಗ್ಗಿಸಿ, ತಗ್ಗಿಸಿ ಮತ್ತೆ ಬೆಸೆದರು. ಮೊದಲ ಸಲ ಒಂದು ಬೆರಳು ಉಳಿಯಿತು. ಎರಡನೆಯ ಸಲ ಒಂದು ಕಾಗದದಷ್ಟು. ಮೂರನೆಯ ಸಲ ಬಾನೆಟ್ ಕ್ಲಿಕ್ ಎಂದು ಮುಚ್ಚಿತು. ಬೀದಿಯವರು ಚಪ್ಪಾಳೆ ಹೊಡೆದರು.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ಒಂದರ ಮೊಳೆ ಇನ್ನೊಂದರ ತೂತಿಗೆ ಕೂರದಿದ್ದಾಗ ನಡುವೆ ಒಂದು ಲೋಹದ ತಟ್ಟೆ ಬೇಕಾಯಿತು. ಟೈಲರು ಟೇಪು ಹಿಡಿದು ಎರಡರ ಅಳತೆಯನ್ನೂ ತೆಗೆದು, ರಟ್ಟಿನಲ್ಲಿ ಮಾದರಿ ಕತ್ತರಿಸಿ ಕೊಟ್ಟರು. ಅಂಗಿಗೆ ಅಭ್ಯಾಸವಾದಂತೆ ಅಂಚಿನಲ್ಲಿ ಅರ್ಧ ಇಂಚು ಮಡಿಕೆಗೆ ಬಿಟ್ಟಿದ್ದರು, ಅಷ್ಟನ್ನು ಮಾತ್ರ ಗ್ಯಾರೇಜಿನಕ್ಕ ಉಜ್ಜಿ ತೆಗೆದರು. ಹೊಸ ಎಂಜಿನ್ನಿಗೆ ಮೆದುಳಿನಂತೆ ಒಂದು ಪುಟ್ಟ ಪೆಟ್ಟಿಗೆ ಇತ್ತು, ಅದನ್ನು ಧೂಳು ತಾಗದಂತೆ ಇಡಲು ಹೆಡ್‌ಮಿಸ್ಟ್ರೆಸ್ ತಮ್ಮ ತಗಡಿನ ಸೀಮೆಸುಣ್ಣದ ಡಬ್ಬಿ ಕೊಟ್ಟರು.

ಮೀಟರಪ್ಪನಿಗೂ ಕಾಲ ಬಂತು. ಎಂಜಿನ್ ತಣ್ಣಗಿಡುವ ನೀರಿನ ಕೊಳವೆಗಳು ಹಳೆಯ ರೇಡಿಯೇಟರಿನವರೆಗೆ ಮುಟ್ಟುತ್ತಿರಲಿಲ್ಲ. ಮುಟ್ಟಿಸಿದರೆ ಸೋರುತ್ತಿದ್ದವು. ಗ್ಯಾರೇಜಿನಕ್ಕ ಎರಡು ದಿನ ಒದ್ದಾಡಿ, "ಇದು ನೀರಿನ ವಿಷಯ. ನೀವೇ ಬನ್ನಿ," ಎಂದು ಕರೆದರು. ಮೀಟರಪ್ಪ ತೋಳು ಮಡಿಸಿ ಕೆಳಗೆ ಮಲಗಿದ. ಎಲ್ಲಿ ಬಾಗಬೇಕು, ಎಲ್ಲಿ ಬಿಗಿಯಬೇಕು, ಎಲ್ಲಿ ಉಸಿರಾಡಲು ಜಾಗ ಬಿಡಬೇಕು ಎಂಬುದು ಅವನ ಕೈಗೆ ಗೊತ್ತಿತ್ತು. ಸಂಜೆಯೊಳಗೆ ನಾಲ್ಕು ಕೊಳವೆಗಳೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಕೊನೆಗೆ ಎಂಜಿನ್ ಓಡಿಸಿ, ತನ್ನ ಕಬ್ಬಿಣದ ಸರಳನ್ನು ಒಂದೊಂದು ಬೆಸುಗೆಗೂ ಊರಿ, ಕಿವಿಗೊಟ್ಟು, ಕಣ್ಣು ಮುಚ್ಚಿ ಆಲಿಸಿದ. "ಒಂದು ಹನಿಯೂ ಇಲ್ಲ," ಎಂದ. ಗ್ಯಾರೇಜಿನಕ್ಕ ತಮ್ಮ ಸ್ಟೂಲನ್ನು ಅವನ ಕಡೆ ಸರಿಸಿದರು. ಆ ಸ್ಟೂಲಿನ ಮೇಲೆ ಬೇರೆಯವರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಇಷ್ಟೆಲ್ಲ ಸುಗಮವಾಗಿ ನಡೆದರೆ ಅದು ಮೀಟರಪ್ಪನ ಕಥೆ ಹೇಗಾದೀತು? ಐದನೆಯ ವಾರ ಅವನು ಒಂದು ಮನೆಗೆ ಮೀಟರ್ ಓದಲು ಹೋದ. ಮನೆಯ ಯಜಮಾನರು ಹೊಸದಾಗಿ ವರ್ಗವಾಗಿ ಬಂದವರು, ಒಳ್ಳೆಯ ಮಾತುಗಾರರು, ಕುಡಿಯಲು ಮಜ್ಜಿಗೆ ಕೊಟ್ಟರು. ಮಜ್ಜಿಗೆ ಅರ್ಧ ಮುಗಿಯುವಷ್ಟರಲ್ಲಿ "ನಿಮಗೊಬ್ಬರಿಗೇ ಹೇಳ್ತಾ ಇದೀನಿ" ಶುರುವಾಯಿತು. ಎಂಜಿನ್ ಬದಲಾಯಿಸಿದ್ದು, ಮಾಲೀಕರಿಗೆ ಗೊತ್ತಿಲ್ಲದಿದ್ದು, ಎಲ್ಲವೂ ಹೊರಬಂದವು. ಯಜಮಾನರು ಶಾಂತವಾಗಿ ಕೇಳಿ, ಗೋಡೆಗೆ ತೂಗುಹಾಕಿದ್ದ ಖಾಕಿ ಅಂಗಿಯನ್ನು ತೆಗೆದು ಹಾಕಿಕೊಂಡರು. ಅವರು ಊರಿನ ಹೊಸ ಬ್ರೇಕ್ ಇನ್ಸ್‌ಪೆಕ್ಟರು.

"ಎಂಜಿನ್ ನಂಬರ್ ಬದಲಾಗಿದೆ. ಆಫೀಸಿಗೆ ತಿಳಿಸಿಲ್ಲ. ಕಾರು ರಸ್ತೆಗೆ ಬರೋ ಹಾಗಿಲ್ಲ. ಎಲ್ಲಿದೆ ತೋರಿಸಿ."

ಮೀಟರಪ್ಪ ಕೈಯಲ್ಲಿ ಲೋಟ ಹಿಡಿದೇ ಗ್ಯಾರೇಜಿನವರೆಗೆ ನಡೆದ. ಇನ್ಸ್‌ಪೆಕ್ಟರು ಗಂಭೀರವಾಗಿ ಒಳಬಂದು, ಬಾನೆಟ್ ಎತ್ತಿಸಿ, ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಹತ್ತು ನಿಮಿಷ ಆ ಬೆಸುಗೆಗಳನ್ನು, ತಟ್ಟೆಯನ್ನು, ಕೊಳವೆಗಳ ಬಾಗುವಿಕೆಯನ್ನು ನೋಡಿದರು. "ಇದನ್ನ ಮಾಡಿದ ಕೈ ಯಾವುದು?" ಎಂದು ಕೇಳಿದರು. ಗ್ಯಾರೇಜಿನಕ್ಕ ಸ್ಪ್ಯಾನರು ಎತ್ತಿ ತೋರಿಸಿದರು. "ಹತ್ತೊಂಬತ್ತು ವರ್ಷ ಸರ್ವೀಸು. ಇಂಥದ್ದು ನೋಡಿಲ್ಲ," ಎಂದು ನಿಟ್ಟುಸಿರಿಟ್ಟು, ಎಂಜಿನ್ನಿನ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು. ಆಮೇಲೆ ಫಾರಂ ತೆಗೆದರು.

"ಇಲ್ಲಿ ಮಾಲೀಕರ ಸಹಿ ಬೇಕು. ಮಾಲೀಕರು ಯಾರು?"

"ನಮ್ಮ ಮಾವ. ಗೇರ್ ಮೇಷ್ಟ್ರು ಅಂತಾರೆ."

ಇನ್ಸ್‌ಪೆಕ್ಟರರ ಕೈಯಿಂದ ಪೆನ್ಸಿಲ್ ಬಿತ್ತು. ಅವರ ಎಡ ಮೊಣಕೈ ತಾನಾಗಿ ಹಿಂದಕ್ಕೆ ಸರಿಯಿತು. "ಅವರಿನ್ನೂ... ಸ್ಕೇಲು ಇಟ್ಕೊಂಡಿದಾರಾ?"

ಹರೆಯದಲ್ಲಿ ಅವರು ಇದೇ ಊರಿನಲ್ಲಿ ಮೇಷ್ಟ್ರ ಶಾಲೆಯಲ್ಲಿ ಮೂರು ಸಲ ಫೇಲಾಗಿದ್ದರಂತೆ. ನಾಲ್ಕನೆಯ ಸಲ ಪಾಸಾದ ದಿನ ಮೇಷ್ಟ್ರು "ನೀನು ಓಡಿಸಬೇಡ, ಓಡಿಸೋರನ್ನ ಹಿಡಿ," ಎಂದು ಹರಸಿದ್ದರಂತೆ. "ಸಹಿ ನೀವೇ ತಗೊಳ್ಳಿ," ಎಂದು ಅವರು ಧ್ವನಿ ತಗ್ಗಿಸಿದರು. "ಒಂದು ಭಾನುವಾರ ಪರೀಕ್ಷೆಗೆ ಓಡಿಸೋಕೆ ಚೀಟಿ ಕೊಡ್ತೀನಿ. ಅವತ್ತೇ ಸಹಿ ಆಗ್ಬೇಕು. ಆಗದಿದ್ರೆ ಕಾರನ್ನ ನಾನು ಸೀಲ್ ಮಾಡ್ಬೇಕಾಗುತ್ತೆ. ಆ ಪಾಪ ನನ್ನ ಕೈಲಿ ಮಾಡಿಸ್ಬೇಡಿ."

ಆರು ವಾರ ಮುಗಿದು ಮೇಷ್ಟ್ರು ಹೊಸ ಕಣ್ಣುಗಳೊಡನೆ ಬಸ್ಸಿಳಿದರು. ಬಂದವರೇ ಅಳಿಯನನ್ನು ನೋಡಿ, "ಅಳಿಯಂದಿರೇ, ನಿಮಗೆ ಇಷ್ಟು ಬಿಳಿ ಕೂದಲಿತ್ತಾ?" ಎಂದರು. ಮೀಟರಪ್ಪ, "ಆರು ವಾರದಲ್ಲಿ ಬಂದದ್ದು ಮಾವ," ಎಂದ. ಅದು ಸುಳ್ಳಾಗಿರಲಿಲ್ಲ.

ಭಾನುವಾರದ ವ್ಯೂಹ ಸಿದ್ಧವಾಗಿತ್ತು. ಹೊಸ ಎಂಜಿನ್ ಕೀಲಿ ತಿರುಗಿಸಿದರೆ ಸಾಕು, ಸದ್ದಿಲ್ಲದೆ ಹೊತ್ತಿಕೊಳ್ಳುತ್ತಿತ್ತು. ಅದನ್ನು ತಡೆಯಲು ಗ್ಯಾರೇಜಿನಕ್ಕ ಡ್ಯಾಶಿನ ಅಡಿಯಲ್ಲಿ ಒಂದು ಕಳ್ಳ ಸ್ವಿಚ್ಚು ಇಟ್ಟಿದ್ದರು. ಅದನ್ನು ಒತ್ತುವವರೆಗೂ ಕೀಲಿ ತಿರುಗಿಸಿದರೂ ತಳ್ಳಿದರೂ ಎಂಜಿನ್ ಉಸಿರೆತ್ತುವುದಿಲ್ಲ. ಕಣ್ಣಿನ ಡಾಕ್ಟರು ಹೇಳಿದ್ದಾರೆಂಬ ನೆಪದಲ್ಲಿ ಮೀಟರಪ್ಪ ಪಕ್ಕದ ಸೀಟಿನಲ್ಲಿ ಕೂರುವುದು, ಬೀದಿಯವರು ಎಂದಿನಂತೆ ತಳ್ಳುವುದು, ಹೆಡ್‌ಮಿಸ್ಟ್ರೆಸ್ ಗೇಟು ಬಂದಾಗ ಅವನು ಸ್ವಿಚ್ಚು ಒತ್ತುವುದು. ಅದೇ ಹೊತ್ತಿಗೆ ಮಹಡಿಯ ಮೇಲಿನಿಂದ ಅವನ ಹೆಂಡತಿ ಟ್ರಂಕಿನ ಮುಚ್ಚಳ ಬಡಿಯುವುದು. ಮೂಲೆಯ ಮರದ ಮರೆಯಲ್ಲಿ ಇನ್ಸ್‌ಪೆಕ್ಟರು ಫಾರಂ ಹಿಡಿದು ನಿಲ್ಲುವುದು.

ಮೇಷ್ಟ್ರು ಚರ್ಮದ ಟೋಪಿ ಹಾಕಿ ಕೂತರು. ಮೀಟರಪ್ಪ ಜೀವನದಲ್ಲಿ ಮೊದಲ ಸಲ ಅವರ ಪಕ್ಕ ಕೂತ. ಅವನ ಬೆರಳು ಸ್ವಿಚ್ಚಿನ ಮೇಲಿತ್ತು.

"ಒಂದು, ಎರಡು," ಎಂದರು ಮೇಷ್ಟ್ರು. "ತಳ್ಳಿ!"

ಆ ಧ್ವನಿಗೆ ಬೆಚ್ಚಿದ ಮೀಟರಪ್ಪ ಅಲ್ಲೇ, ಮೊದಲ ಹೆಜ್ಜೆಯಲ್ಲೇ, ಸ್ವಿಚ್ಚು ಒತ್ತಿಬಿಟ್ಟ.

ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದಕ್ಕೆ ನೆಗೆಯಿತು. ತಳ್ಳಲು ಬಗ್ಗಿದ್ದ ಟೈಲರು ಗಾಳಿಯನ್ನು ತಳ್ಳಿ ಬೋರಲು ಬಿದ್ದರು. ಅವರ ಮೇಲೆ ಔಷಧಿ ಅಂಗಡಿಯವರು. ಇಬ್ಬರನ್ನೂ ದಾಟಿ ಹೆಡ್‌ಮಿಸ್ಟ್ರೆಸ್ ಮೂವತ್ತು ಹೆಜ್ಜೆಯೂ ಓಡಿ, ತಮ್ಮ ಗೇಟಿನ ಕಂಬವನ್ನು ಅಪ್ಪಿಕೊಂಡು ನಿಂತರು. ಕಾರು ತಿರುವು ದಾಟಿ ಕಣ್ಮರೆಯಾದ ಎಷ್ಟೋ ಹೊತ್ತಿನ ಮೇಲೆ ಮಹಡಿಯಿಂದ ಢಂ ಎಂದಿತು.

ಮೇಷ್ಟ್ರು ಗೇರು ಬದಲಿಸಿದರು. ಎಂದಿನ ಸುತ್ತನ್ನು ಬಿಟ್ಟು ಊರಾಚೆಯ ದಿಬ್ಬದ ಕಡೆ ತಿರುಗಿಸಿದರು. ಅಲ್ಲಿ ನೀರಿನ ಟ್ಯಾಂಕಿದೆ. ಹಳೆಯ ಎಂಜಿನ್ ಆ ಏರನ್ನು ಹತ್ತುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಹೊಸದು ಮೂರನೆಯ ಗೇರಿನಲ್ಲಿ, ಉಸಿರೂ ಬಿಗಿ ಹಿಡಿಯದೆ, ಹಾಡುತ್ತ ಹತ್ತಿತು. ಗಾಳಿ ಮುಖಕ್ಕೆ ರಾಚಿತು. ಉದ್ದನೆಯ ಕೆಂಪು ಮೂತಿ ಬಿಸಿಲಿಗೆ ಹೊಳೆಯಿತು. ತಾನು ಹಾಕಿದ ಕೊಳವೆಗಳು ಒಳಗೆ ತಣ್ಣಗೆ ಕೆಲಸ ಮಾಡುತ್ತಿರುವುದು ಮೀಟರಪ್ಪನ ಅಂಗಾಲಿಗೆ ತಿಳಿಯುತ್ತಿತ್ತು. ಹೆದರಿಕೆ ಇದ್ದರೂ ಅವನಿಗೆ ತಡೆಯಲಾರದಷ್ಟು ಹೆಮ್ಮೆಯಾಯಿತು.

ಟ್ಯಾಂಕಿನ ಬುಡದಲ್ಲಿ ಮೇಷ್ಟ್ರು ಕಾರು ನಿಲ್ಲಿಸಿ ಎಂಜಿನ್ ಆರಿಸಿದರು.

"ಅಳಿಯಂದಿರೇ, ನೀರು ಯಾವ ಬಾಯಿಗೆ ಹಾಕಿದ್ರಿ?"

"ದೊಡ್ಡ ಬಾಯಿಗೆ ಮಾವ. ಎರಡು ಕೊಡ."

ಮೇಷ್ಟ್ರು ದೂರ ನೋಡುತ್ತ ಕೂತರು. "ಹೋಗ್ಲಿ. ಬಾಯಾರಿಕೆಯಿಂದಂತೂ ಸಾಯಲಿಲ್ಲ."

"ಯಾವಾಗ ಗೊತ್ತಾಯ್ತು ಮಾವ?"

"ಫೋನಲ್ಲೇ. ಆ ಎಂಜಿನ್ ಕೆಮ್ಮುತ್ತೆ, ಸಿಡಿಯುತ್ತೆ, ಮನಸ್ಸು ಬಂದ್ರೆ ಒದೆಯುತ್ತೆ. ಆದ್ರೆ ಒಂದಿನಾನೂ ಬಟ್ಟೆ ಹೊಲಿದಿರಲಿಲ್ಲ. ನನ್ನ ಮಗಳ ಹೊಲಿಗೆ ಯಂತ್ರದ ಸದ್ದು ನನಗೆ ಗೊತ್ತಾಗಲ್ವೇನ್ರಿ?" ಅವರು ಬಾನೆಟ್ ಎತ್ತಿಸಿ ಎಲ್ಲವನ್ನೂ ಹೊಸ ಕಣ್ಣಿಂದ ನಿಧಾನವಾಗಿ ನೋಡಿದರು. ಬೆಸುಗೆಯ ಮೇಲೆ ಬೆರಳಾಡಿಸಿ, "ಆ ಹುಡುಗಿ ನನ್ನ ಶಿಷ್ಯೆ," ಎಂದರು. ಕೊಳವೆಗಳ ಹತ್ತಿರ ಬೆರಳು ನಿಂತಿತು. "ಇದು ಅವಳ ಕೆಲಸ ಅಲ್ಲ."

"ನಂದು ಮಾವ."

"ಚೆನ್ನಾಗಿದೆ," ಎಂದರು ಮೇಷ್ಟ್ರು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಮೀಟರಪ್ಪ ಟ್ಯಾಂಕಿನ ಕಡೆ ತಿರುಗಿ ಅದರಲ್ಲಿ ನೀರು ಎಷ್ಟಿದೆಯೆಂದು ಪರೀಕ್ಷಿಸುವವನಂತೆ ಕಣ್ಣೊರೆಸಿಕೊಂಡ.

"ನೀವು ಒತ್ತಿದ ಆ ಸ್ವಿಚ್ಚು ಇಲ್ಲದಿದ್ರೆ ಕೀಲಿಗೇ ಸ್ಟಾರ್ಟ್ ಆಗುತ್ತಲ್ವಾ ಇದು?" ಎಂದು ಮೇಷ್ಟ್ರು ಕೇಳಿದರು.

"ಆಗುತ್ತೆ ಮಾವ. ಇನ್ಮೇಲೆ ಯಾರೂ ತಳ್ಳೋ ಕಷ್ಟ ಇಲ್ಲ."

ಮೇಷ್ಟ್ರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಳೇದು ಸ್ಟಾರ್ಟ್ ಆಗದೇ ಇದ್ದದ್ದು ಯಾಕೆ ಗೊತ್ತಾ? ಸೆಲ್ಫ್ ಮೋಟಾರು ಕೆಟ್ಟಿತ್ತು. ಅರ್ಧ ದಿನದ ರಿಪೇರಿ. ಎಂಟು ವರ್ಷ ಮಾಡಿಸಲಿಲ್ಲ."

"ಯಾಕೆ ಮಾವ?"

"ನಿಮ್ಮತ್ತೆ ಹೋದ ಮೇಲೆ ಈ ಬೀದಿಗೆ ಬಂದೆ. ಎಲ್ಲರೂ ದೂರದಿಂದ ನಮಸ್ಕಾರ ಹೇಳೋರು, ಮೊಣಕೈ ಹಿಂದಕ್ಕೆ ಎಳ್ಕೊಂಡು ಹೋಗೋರು. ಒಬ್ಬರೂ ಹತ್ರ ಬಂದು ಮಾತಾಡಲಿಲ್ಲ. ಒಂದು ಭಾನುವಾರ ಕಾರು ಕೈಕೊಡ್ತು. ಟೈಲರು ಬಂದ್ರು, ಟೀಚರಮ್ಮ ಬಂದ್ರು, ಕಾಫಿ ಕುಡಿದ್ರು, ಹತ್ತು ಗಂಟೆವರೆಗೂ ಕೂತ್ರು. ಅವತ್ತು ಮನೇಲಿ ಜನ ಇದ್ದ ಹಾಗಿತ್ತು." ಅವರ ಧ್ವನಿ ಒಂದಿಷ್ಟು ಇಳಿಯಿತು. "ಕೀಲಿಗೇ ಸ್ಟಾರ್ಟ್ ಆಗುತ್ತೆ ಅಂತ ತಿಳಿದ್ರೆ ಇನ್ಮೇಲೆ ಯಾರು ಬರ್ತಾರೆ? ಅಳಿಯಂದಿರೇ, ಎಂಜಿನ್ ಬದಲಾಯಿಸಿದ್ದು ಬೀದಿಯವರಿಗೆ ತಿಳೀಬಾರದು. ಅವರಿಗೆ ತಾವಾಗಿ ಗೊತ್ತಾಗಲ್ಲ ಬಿಡಿ. ಪಾಪ, ಆ ಟೈಲರಿಗೆ ಎಂಜಿನ್ನಿಗೂ ಇಸ್ತ್ರಿ ಪೆಟ್ಟಿಗೆಗೂ ವ್ಯತ್ಯಾಸ ಗೊತ್ತಿಲ್ಲ. ನೀವೊಬ್ಬರು ಬಾಯಿ ಬಿಗಿ ಹಿಡಿದ್ರೆ ಸಾಕು."

ಮೀಟರಪ್ಪ ಬಾಯಿ ತೆರೆದ. ಟೈಲರು ಕತ್ತರಿಸಿದ ರಟ್ಟು ಅವನ ಕಣ್ಣ ಮುಂದೆ ಬಂತು. ಸೀಟಿನ ಹಿಂದೆ ಹೆಡ್‌ಮಿಸ್ಟ್ರೆಸ್ಸಿನ ಸೀಮೆಸುಣ್ಣದ ಡಬ್ಬಿಯೇ ಇತ್ತು. ಇಡೀ ಬೀದಿ ಆರು ವಾರ ಮಸಿ ಮೆತ್ತಿಕೊಂಡು ಇದೇ ಎಂಜಿನ್ನಿಗೆ ಕೈ ಹಾಕಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಅವನು ಬಾಯಿ ಮುಚ್ಚಿಕೊಂಡ.

"ಯಾರಿಗೂ ಹೇಳಲ್ಲ ಮಾವ."

ವಾಪಸ್ ಬರುವಾಗ ತಿರುವಿನ ಮರದ ಹಿಂದೆ ಖಾಕಿ ಅಂಗಿಯ ಅಂಚು ಕಂಡಿತು. ಮೇಷ್ಟ್ರು ಕಾರು ನಿಲ್ಲಿಸಿ, "ಹೊರಗೆ ಬಾರೋ," ಎಂದರು. ಬ್ರೇಕ್ ಇನ್ಸ್‌ಪೆಕ್ಟರು ಮೊಣಕೈ ಮುಚ್ಚಿಕೊಂಡು ಹೊರಬಂದು ಫಾರಂ ನೀಡಿದರು. ಮೇಷ್ಟ್ರು ಅದನ್ನು ಸ್ಟಿಯರಿಂಗ್ ಮೇಲಿಟ್ಟು ಓದಿ, "ಈ ಏಳು ಒಂದರ ಥರ ಕಾಣ್ತಿದೆ, ತಿದ್ದು," ಎಂದು ತಿದ್ದಿಸಿ ಸಹಿ ಹಾಕಿದರು. "ಬೀದಿಯವರ ಕಿವಿಗೆ ಬಿದ್ರೆ ನೋಡು," ಎಂದು ಬೆರಳು ತೋರಿಸಿದರು. ಇನ್ಸ್‌ಪೆಕ್ಟರು ಅಲ್ಲೇ ಸೆಲ್ಯೂಟ್ ಹೊಡೆದರು.

ಮಂಡಿಗೆ ಔಷಧಿ ಹಚ್ಚಿಕೊಳ್ಳುತ್ತ ಕೂತಿದ್ದ ಬೀದಿಯವರು ಸಂಜೆ ಮೀಟರಪ್ಪನನ್ನು ಮೂಲೆಗೆ ಎಳೆದರು. "ಮೇಷ್ಟ್ರಿಗೆ ಗೊತ್ತಾಯ್ತಾ?"

"ಇಲ್ಲ," ಎಂದ ಮೀಟರಪ್ಪ.

ಟೈಲರು ದೀರ್ಘವಾಗಿ ಉಸಿರುಬಿಟ್ಟರು. "ಹಾಗಾದ್ರೆ ತಳ್ಳೋದು ನಿಲ್ಲಿಸೋ ಹಾಗಿಲ್ಲ. ನಿಲ್ಲಿಸಿದ ದಿನ ಅವರಿಗೆ ಗೊತ್ತಾಗಿಬಿಡುತ್ತೆ. ಪಾಪ, ಹಳೇ ಎಂಜಿನ್ನೇ ಅಂದ್ಕೊಂಡಿದಾರೆ, ಅಂದ್ಕೊಂಡಿರ್ಲಿ." ಎಲ್ಲರೂ ತಲೆಯಾಡಿಸಿದರು.

ಮುಂದಿನ ಭಾನುವಾರ ಎಂಟು ಗಂಟೆಗೆ ಎಲ್ಲರೂ ಅವರವರ ಜಾಗದಲ್ಲಿದ್ದರು. ಬ್ರೇಕ್ ಇನ್ಸ್‌ಪೆಕ್ಟರಿಗೆ ಜಾಗ ಸಾಲದೆ ಎಡ ಬಾಗಿಲು ಸಿಕ್ಕಿತ್ತು. ಕಳ್ಳ ಸ್ವಿಚ್ಚಿನ ಮೇಲೆ ಈಗ ಮೇಷ್ಟ್ರದೇ ಬೆರಳು. ಮೀಟರಪ್ಪ ಪಕ್ಕದ ಸೀಟಿನಲ್ಲಿ ಎರಡು ಗುಟ್ಟನ್ನು ಹಲ್ಲು ಕಚ್ಚಿ ಹಿಡಿದು ಕೂತಿದ್ದ. ಒಂದು ಸ್ಟಿಯರಿಂಗ್ ಹಿಡಿದವರದು, ಇನ್ನೊಂದು ಹಿಂದೆ ತಳ್ಳುತ್ತಿರುವವರದು. ಒಂದು ಹನಿಯೂ ಸೋರಲಿಲ್ಲ.

ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಹೆಡ್‌ಮಿಸ್ಟ್ರೆಸ್ ಗೇಟು ಬಂತು, ಹಿಂದೆ ಹೋಯಿತು. ಮೇಷ್ಟ್ರ ಬೆರಳು ಸ್ವಿಚ್ಚಿನ ಮೇಲೆ ಹಾಗೇ ಇತ್ತು. ಹಿಂದಿನಿಂದ ಟೈಲರ ಏದುಸಿರು, ಹೆಡ್‌ಮಿಸ್ಟ್ರೆಸ್ಸಿನ ನಗು, ಔಷಧಿ ಅಂಗಡಿಯವರ ಕೆಮ್ಮು ಒಟ್ಟಿಗೆ ಕೇಳಿಬರುತ್ತಿದ್ದವು.

"ಇನ್ನೂ ಸ್ವಲ್ಪ," ಎಂದು ಕೂಗಿದರು ಮೇಷ್ಟ್ರು. "ಇನ್ನೂ ಸ್ವಲ್ಪ ತಳ್ಳಿ!"